ಯಾರ ಮನೆಯೊಳಗೆ ಯಾರು

ನಮ್ಮ ಅಡುಗೆಮನೆಯ ಎತ್ತರದ ಹಲಗೆಯ ಮೇಲೆ ಸ್ಟೀಲಿನ ಡಬ್ಬಿಗಳ ಒಂದು ಸೆಟ್ಟು ಇದೆ. ಅಂಗಡಿಯಲ್ಲಿ ಕೊಳ್ಳುವಾಗ ಅದು ಒಂದೇ ಡಬ್ಬಿಯಂತೆ ಕಾಣುತ್ತದೆ; ಮುಚ್ಚಳ ತೆಗೆದರೆ ಒಳಗೊಂದು, ಅದರ ಮುಚ್ಚಳ ತೆಗೆದರೆ ಅದರೊಳಗೆ ಮತ್ತೊಂದು, ಹೀಗೆ ಸಾಗಿ ಕಟ್ಟಕಡೆಯದು ನಾಲ್ಕು ಏಲಕ್ಕಿ ಹಿಡಿಸುವಷ್ಟು ಪುಟ್ಟದು. ಮನೆಗೆ ತಂದು ಜೋಳದ ಹಿಟ್ಟು, ಬೇಳೆ, ಶೇಂಗಾ, ಬೆಲ್ಲ ತುಂಬಿದಿರೋ, ಆಮೇಲೆ ಅವು ಒಂದರೊಳಗೊಂದು ಹೋಗುವ ಮಾತೇ ಇಲ್ಲ. ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತುಬಿಡುತ್ತವೆ. ಖಾಲಿಯಿದ್ದಷ್ಟು ಕಾಲ ಒಂದು ಸಂಸಾರ, ತುಂಬಿಕೊಂಡ ಮೇಲೆ ಒಂದು ಓಣಿ. ನನ್ನ ಮದುವೆಗೆ ತಂದೆಯವರು ಕೊಡಿಸಿದ ಸೆಟ್ಟು ಅದು. ಪ್ರತಿಯೊಂದರ ಹೊಟ್ಟೆಯ ಮೇಲೂ ಬೆಳಗಾವಿಯ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಅವರ ಹೆಸರನ್ನು ಕೊರೆದಿದ್ದಾನೆ. ಹಿಟ್ಟು ತೆಗೆಯುವ ಕೈ ನನ್ನದು, ಮುಚ್ಚಳ ತಿಕ್ಕುವ ಕೈ ನನ್ನದು, ಹೆಸರು ಅವರದು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಯಾರ ಹೆಸರಿನ ಕೆಳಗೆ ಏನಿದೆ, ಯಾರ ಒಳಗೆ ಯಾರಿದ್ದಾರೆ ಎಂಬುದನ್ನು ಗಮನಿಸುವ ಒಂದು ಚಾಳಿ ನನಗೆ ಹತ್ತಿಕೊಂಡಿದೆ. ಅದು ಹತ್ತಿದ್ದು ಒಂದು ಕಂಪ್ಯೂಟರಿನ ದೆಸೆಯಿಂದ ಎಂದರೆ ನೀವು ನಗಬಹುದು. ನಕ್ಕು ಮುಂದೆ ಓದಿ.

ಹೊಸ ಶತಮಾನ ಬಂದು ಒಂದೆರಡು ವರ್ಷ ಕಳೆದಿದ್ದ ಕಾಲ. ಗೋಕಾಕ, ಮೂಡಲಗಿ, ಹುಕ್ಕೇರಿ ಹಾಗೂ ಸುತ್ತಲಿನ ಹಳ್ಳಿಗಳಲ್ಲಿರುವ ನಮ್ಮ ಜೈನ ಸಮಾಜದ ಮನೆಗಳ ಪರಿಚಯ ಪುಸ್ತಕವೊಂದನ್ನು ತರಬೇಕೆಂದು ಹಿರಿಯರು ನಿಶ್ಚಯಿಸಿದರು. ಯಾವ ಊರಲ್ಲಿ ಯಾವ ಮನೆ, ಮನೆಯಲ್ಲಿ ಯಾರು ಯಾರು, ಓದಿದ್ದೇನು, ಮಾಡುತ್ತಿರುವುದೇನು ಎಂಬ ವಿವರ. ಪುಸ್ತಕದ ಜೊತೆಗೊಂದು ಸಿಡಿ. ಗಂಡು ಹೆಣ್ಣು ನೋಡುವವರಿಗೆ ಅನುಕೂಲ ಎಂಬುದು ಬಾಯಿಬಿಟ್ಟು ಹೇಳದ ಉದ್ದೇಶ. ಈ ಕೆಲಸದ ಹಿರೇತನ ಹುಕ್ಕೇರಿಯ ಪಾಟೀಲ ಕಾಕಾ ಅವರದು. ನಮ್ಮ ದಿವಂಗತ ಮಾವನವರ ಗೆಳೆಯರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮದುವೆಯಾಗದೆ ಒಬ್ಬರೇ ಇರುವವರು. ನಮ್ಮ ಯಜಮಾನರ ಪಂಪುಸೆಟ್ಟಿನ ವ್ಯಾಪಾರಕ್ಕೆಂದು ಮನೆಯ ಹೊರಕೋಣೆಯಲ್ಲಿ ಕಂಪ್ಯೂಟರೊಂದು ಬಂದು ಕೂತಿದ್ದರಿಂದ ಕೆಲಸ ನಮ್ಮ ಮನೆಗೇ ಬಂತು. ನಾನು ಮಧ್ಯಾಹ್ನದ ಹೊತ್ತು ಗೋಕಾಕದ ಒಂದು ತರಬೇತಿ ಕೇಂದ್ರಕ್ಕೆ ಹೋಗಿ ಆರೆಂಟು ತಿಂಗಳು ಡೇಟಾಬೇಸು ಕಲಿತಿದ್ದೆ. ಅದು ಕಾಕಾ ಅವರಿಗೆ ಅಷ್ಟು ಮುಖ್ಯವೆನಿಸಲಿಲ್ಲ. "ಕಾನ್ವೆಂಟಿನ್ಯಾಕಿ ಮನ್ಯಾಗ ಇರೂವಾಗ ಹೊರಗಿನವರು ಯಾಕ? ಆ ಇಂಗ್ಲೀಷ ಪುಸ್ತಕ ಆಕಿ ಓದ್ಲಿ, ನಮಗ ಕನ್ನಡದಾಗ ಹೇಳ್ಲಿ" ಎಂದು ಸಭೆಯಲ್ಲಿ ಹೇಳಿ, ದಪ್ಪನೆಯ ಮ್ಯಾನ್ಯುಯಲ್ಲೊಂದನ್ನು ನನ್ನ ಮುಂದೆ ಇಟ್ಟು ಹೋದರು.

ಟೈಪು ಮಾಡುವ ಕೆಲಸ ನನ್ನನ್ನು ವೈನಿ ಎಂದು ಕರೆಯುವ ನಾದಿನಿ ವಿಮಲಾಳದು. ಅರಭಾವಿಯ ತೋಟಗಾರಿಕೆ ಕಾಲೇಜಿನ ಕಚೇರಿಯಲ್ಲಿ ಅವಳು ಟೈಪಿಸ್ಟು. ರವಿವಾರ ಮಗಳು ಶ್ರುತಿಯನ್ನು ಕರೆದುಕೊಂಡು ಗೋಕಾಕಕ್ಕೆ ಬರುವಳು, ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕೂರುವಳು. ಅವಳ ಕೀಲಿಮಣೆಯ ಸದ್ದು ಸಣ್ಣ ಮಳೆಯ ಹಾಗೆ, ಒಂದೇ ಸಮ. ಅವಳನ್ನು ಕೊಟ್ಟಿದ್ದು ಹುಕ್ಕೇರಿಗೆ. ಗಂಡ ಸೊಲ್ಲಾಪುರದ ಕಡೆ ಕೆಲಸಕ್ಕೆಂದು ಹೋದವನು ಅಲ್ಲಿಯೇ ಬೇರೊಂದು ಸಂಸಾರ ಹೂಡಿದ. ಜಗಳವಾಗಲಿಲ್ಲ, ಕೋರ್ಟು ಕಚೇರಿಯಾಗಲಿಲ್ಲ. ಕೂಸನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಳು, ಕೆಲಸ ಸಿಕ್ಕಿತು, ಅರಭಾವಿಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದಳು. ಇಷ್ಟಾಗಿ ಕೆಲವು ವರ್ಷಗಳೇ ಆಗಿದ್ದರೂ ನಮ್ಮ ಅತ್ತೆ ಒಮ್ಮೆಯೂ ಆ ಕೋಣೆಗಳ ಹೊಸ್ತಿಲು ತುಳಿದಿರಲಿಲ್ಲ. "ಬಾಡಿಗಿ ಖೋಲಿ ನೋಡಾಕ ಏನ ಹೋಗೂದು, ಆಕೀನ ವಾರಾ ವಾರಾ ಬರ್ತಾಳಲ್ಲ" ಎನ್ನುವರು. ಮಗಳು ಇಂದಲ್ಲ ನಾಳೆ ಹುಕ್ಕೇರಿಗೆ ಹೊರಡುತ್ತಾಳೆ, ಅಲ್ಲಿಯವರೆಗೆ ಅರಭಾವಿ ಒಂದು ಬಸ್‌ಸ್ಟ್ಯಾಂಡು ಇದ್ದಂತೆ ಎಂಬ ಭಾವ ಅವರದು. ಅದಕ್ಕೆ ಆಧಾರವೂ ಇತ್ತು: ಪರಿಚಯ ಪುಸ್ತಕಕ್ಕೆ ವಿವರ ಕೊಡುವಾಗ ಹುಕ್ಕೇರಿಯವರು ಸೊಸೆಯ ಹೆಸರನ್ನೂ ಮೊಮ್ಮಗಳ ಹೆಸರನ್ನೂ ತಮ್ಮ ಮನೆಯಲ್ಲೇ ಬರೆಸಿದ್ದರು. ಕಿರಿಯ ಮಗನಿಗೆ ಹೆಣ್ಣು ನೋಡುತ್ತಿದ್ದರು. ತುಂಬಿದ ಮನೆ ಎಂದು ಕಂಡರೆ ಒಳ್ಳೆಯದಲ್ಲವೆ? ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅತ್ತೆಗೆ ಅದೊಂದು ಸಮಾಧಾನ. ವಿಮಲಾ ಆ ಮನೆಯ ವಿವರವನ್ನೂ ಉಳಿದವುಗಳ ಹಾಗೆಯೇ, ಸಣ್ಣ ಮಳೆಯ ಸದ್ದಿನಲ್ಲಿ, ಟೈಪು ಮಾಡಿ ಮುಗಿಸಿದಳು.

ಇನ್ನು ನನ್ನ ಪಾಲಿನ ಕೆಲಸ. ಡೇಟಾಬೇಸಿನಲ್ಲಿ ಎರಡು ಕೋಷ್ಟಕಗಳಿದ್ದವು: ಒಂದರಲ್ಲಿ ಮನೆಗಳು, ಇನ್ನೊಂದರಲ್ಲಿ ಮನುಷ್ಯರು. ಪ್ರತಿಯೊಂದು ಮನೆಗೂ ಒಂದು ಸಂಖ್ಯೆ; ಪ್ರತಿಯೊಬ್ಬ ಮನುಷ್ಯನ ಸಾಲಿನಲ್ಲಿಯೂ ಅವನು ಯಾವ ಮನೆಯವನು ಎಂಬ ಸಂಖ್ಯೆ. ಕಂಪ್ಯೂಟರನ್ನು "ಎಲ್ಲರನ್ನೂ ತೋರಿಸು" ಎಂದು ಪ್ರಶ್ನಿಸಿದರೆ ಅದು ಚಪ್ಪಟೆಯಾದ ಉದ್ದನೆಯ ಪಟ್ಟಿಯೊಂದನ್ನು ಹರವುತ್ತದೆ. ತಂದೆಯ ಹೆಸರು, ಊರು, ಓಣಿ ಇವು ಪ್ರತಿ ಮಗುವಿನ ಎದುರಿಗೂ ಮತ್ತೆ ಮತ್ತೆ ಬರುತ್ತವೆ. ಹೊಸ ಮದುಮಗಳಿಗೆ ಓಣಿಯ ಹೆಂಗಸರೆಲ್ಲ ಒಬ್ಬರಾದ ಮೇಲೊಬ್ಬರು ಬಂದು ಅದೇ ಪ್ರಶ್ನೆ ಕೇಳಿದ ಹಾಗೆ. ಬೆಳಗಾವಿಯಲ್ಲಿ ಪುಸ್ತಕ ಅಚ್ಚುಮಾಡುವವರಿಗೆ ಇದು ಬೇಡವಾಗಿತ್ತು. ಅವರು ಕೇಳಿದ್ದು ಎಕ್ಸ್‌ಎಂಎಲ್ ಎಂಬ ರೂಪದಲ್ಲಿ: ಮನೆ ಎಂದೊಂದು ಬಾಗಿಲು ತೆರೆಯಬೇಕು, ಅದರೊಳಗೆ ಆ ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಕೂರಬೇಕು, ಆಮೇಲೆ ಬಾಗಿಲು ಮುಚ್ಚಬೇಕು. ತೆರೆದ ಬಾಗಿಲೆಲ್ಲ ಮುಚ್ಚಲೇಬೇಕು, ಒಳಗಿನದು ಮುಚ್ಚದೆ ಹೊರಗಿನದನ್ನು ಮುಚ್ಚುವಂತಿಲ್ಲ. ಮುಸ್ಸಂಜೆ ಮನೆಯ ಕದ ಹಾಕುತ್ತ ಬರುವ ಹೆಂಗಸಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮೇಲಿನ ಹಲಗೆಯ ಡಬ್ಬಿಗಳನ್ನು ನಾನು ಬೆರಗಿನಿಂದ ನೋಡಲು ತೊಡಗಿದ್ದು ಆಗಲೇ.

ಮ್ಯಾನ್ಯುಯಲ್ಲಿನ ಪ್ರಕಾರ ಈ ರೂಪ ಕೊಡಿಸಲು ಮೂರು ದಾರಿಗಳಿದ್ದವು. ಮೊದಲನೆಯದು ಕಚ್ಚಾ ದಾರಿ. ಸಾಲೊಂದಕ್ಕೆ ಒಂದು ಗುರುತು, ಎಲ್ಲ ಗುರುತಿನ ಹೆಸರೂ 'ರೋ', ಅಂದರೆ ಬರೀ ಸಾಲು. ಯಜಮಾನನೂ 'ರೋ', ತೊಟ್ಟಿಲ ಕೂಸೂ 'ರೋ'. ಸಂತೆಯಿಂದ ತಂದ ಚೀಲವನ್ನು ನೆಲದ ಮೇಲೆ ಸುರಿದು ಎದ್ದುಹೋದಂತೆ. ಎರಡನೆಯದು ತಾನೇ ಜೋಡಿಸಿಕೊಡುವ ದಾರಿ. ಅದು ಮನೆಯೊಳಗೆ ಮನುಷ್ಯರನ್ನು ಇಡುತ್ತದೆ ನಿಜ, ಆದರೆ ಯಾವುದನ್ನು ಏನೆಂದು ಕರೆಯಬೇಕು, ಯಾವುದು ಹೊರಗೆ ಯಾವುದು ಒಳಗೆ ಎಂಬುದನ್ನೆಲ್ಲ ತನ್ನ ಲೆಕ್ಕದಲ್ಲೇ ತೀರ್ಮಾನಿಸುತ್ತದೆ. ನೀವು ಊರಿಗೆ ಹೋಗಿ ಬರುವಷ್ಟರಲ್ಲಿ ನಿಮ್ಮ ಅಡುಗೆಮನೆಯನ್ನು ಅಚ್ಚುಕಟ್ಟು ಮಾಡಿಟ್ಟ ಪ್ರೀತಿಯ ಬಂಧುವಿನಂತೆ. ಅಚ್ಚುಕಟ್ಟೇನೋ ಆಗಿರುತ್ತದೆ, ಸಾಸಿವೆ ಮಾತ್ರ ಸಿಗುವುದಿಲ್ಲ. ಮೂರನೆಯದು, ಎಲ್ಲವನ್ನೂ ನಾವೇ ಬಿಡಿಸಿ ಹೇಳಬೇಕಾದ ದಾರಿ. ಪ್ರತಿ ಸಾಲಿಗೂ ನೀನು ಯಾರು, ನೀನು ಯಾರ ಒಳಗೆ, ನಿನ್ನ ಹೆಸರೇನು, ನಿನ್ನ ಯಾವ ವಿವರ ಗುರುತಿನ ಮೈಮೇಲೆ ಇರಬೇಕು, ಯಾವುದು ಅದರ ಹೊಟ್ಟೆಯಲ್ಲಿ ಇರಬೇಕು ಎಂದು ವಿಧಿಸಬೇಕು. ಅಚ್ಚಿನವರು ಕೇಳಿದ ರೂಪಕ್ಕೆ ಈ ಮೂರನೆಯದೇ ಬೇಕಾಗಿತ್ತು.

ಅದರ ಬರವಣಿಗೆಯೂ ವಿಚಿತ್ರ. ಮನೆ ಎಂದು ಬರೆದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಒಂದು ಎಂದು ಬರೆದು ಮತ್ತೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಊರು ಎಂದು ಬರೆಯಬೇಕು. ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷು ಕಲಿಸಿದ ಸಿಸ್ಟರ್ ಒಬ್ಬರು ಇಡೀ ಪ್ರಬಂಧಕ್ಕೆ ಒಂದು ಆಶ್ಚರ್ಯಸೂಚಕ ಚಿಹ್ನೆಗಿಂತ ಹೆಚ್ಚು ಕೊಡುತ್ತಿರಲಿಲ್ಲ. ಎರಡನೆಯದು ಕಂಡರೆ ಕೆಂಪು ಶಾಯಿಯಿಂದ ಸುತ್ತು ಹಾಕಿ, ಇಷ್ಟೊಂದು ಬೆರಗುಪಡುವಂಥದ್ದು ಏನಾಯಿತು ಎಂದು ಮೆಲುದನಿಯಲ್ಲಿ ಕೇಳುವರು. ಸಾಲಿಗೆ ಎರಡೆರಡರಂತೆ ಆ ಚಿಹ್ನೆಗಳನ್ನು ಚೆಲ್ಲುವಾಗ ಅವರ ಮುಖ ಕಣ್ಣಮುಂದೆ ಬಂದು ನನ್ನ ಬೆರಳು ಅಳುಕುತ್ತಿತ್ತು. ಆದರೂ ನಿಜ ಹೇಳಬೇಕೆಂದರೆ, ಆ ದಪ್ಪ ಪುಸ್ತಕದ ಆ ಅಧ್ಯಾಯ ನನಗೆ ಹಿಡಿಸಿತು. ಪ್ರತಿ ಸಾಲಿನ ಎದುರಿಗೂ ಎರಡು ಅಂಕಣಗಳು: ನಿನ್ನ ಮಟ್ಟ ಯಾವುದು, ನಿನ್ನ ಮೇಲಿನವರು ಯಾರು. ಮನೆಯ ಮಟ್ಟ ಒಂದು; ಅದರ ಮೇಲೆ ಯಾರೂ ಇಲ್ಲ, ಆದ್ದರಿಂದ ಅಲ್ಲಿ 'ನಲ್' ಎಂದು ಬರೆಯಬೇಕು, ಅಂದರೆ ಏನೂ ಇಲ್ಲ. ಮನುಷ್ಯರ ಮಟ್ಟ ಎರಡು. ಅವರ ಮೇಲಿನದು ಒಂದು, ಅಂದರೆ ಮನೆ. ಒಬ್ಬರಿಗೆ ಒಂದೇ ಮೇಲು. ಎರಡು ಕಡೆ ಕಾಲಿಟ್ಟು ನಿಲ್ಲುವಂತಿಲ್ಲ. ಓದುತ್ತ ಓದುತ್ತ ನನಗನ್ನಿಸಿತು: ಬೆಳಗಾವಿಯ ನಮ್ಮ ತಂದೆಯ ಮನೆಯಿಂದ ಗೋಕಾಕದ ಈ ಮನೆಗೆ ನಾನು ಬಂದಾಗ ಬ್ಯಾಂಡು ಬಾಜಂತ್ರಿ, ಅಕ್ಷತೆ, ಅಳು ನಗು ಎಷ್ಟೆಲ್ಲ ಆಯಿತು, ಈ ಕೋಷ್ಟಕದ ದೃಷ್ಟಿಯಲ್ಲಿ ಆದದ್ದು ಇಷ್ಟೇ, ನನ್ನ ಸಾಲಿನ ಮನೆ ಸಂಖ್ಯೆ ಬದಲಾಯಿತು. ನನ್ನ ಹೆಸರು, ಓದು, ಹುಟ್ಟಿದ ದಿನ ಯಾವುದೂ ಕದಲಲಿಲ್ಲ. ಇದರಿಂದ ದುಃಖವಾಯಿತೆಂದುಕೊಳ್ಳಬೇಡಿ. ಹಗುರವೆನಿಸಿತು.

ಒಂದು ರವಿವಾರ ಪಾಟೀಲ ಕಾಕಾ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದರು. ಅವರು ಬರುವುದು ಮಧ್ಯಾಹ್ನ ನಾಲ್ಕಕ್ಕೆ, ಏಳುವುದು ನಮ್ಮ ಜೈನರ ರೂಢಿಯಂತೆ ಹೊತ್ತು ಮುಳುಗುವ ಮುಂಚಿನ ಊಟಕ್ಕೆ. ಆ ನಡುವೆ ಕರೆಂಟು ಇರಬೇಕು ಎಂಬುದೊಂದೇ ಎಲ್ಲರ ಪ್ರಾರ್ಥನೆ. ಇತ್ತು. ಕಂಪ್ಯೂಟರಿಗೆ ಕೇಳಬೇಕಾದ ಪ್ರಶ್ನೆಯನ್ನು ನಾನು ಬರೆದು ಮುಗಿಸಿದ್ದೆ. ಪುಸ್ತಕದಲ್ಲಿ ಅಡ್ಡಹೆಸರಿನ ಪ್ರಕಾರ ಮನೆಗಳು ಬರಲಿ ಎಂದು ಅವರೇ ಹೇಳಿದ್ದರಿಂದ, ಮೊದಲು ಅಡ್ಡಹೆಸರು, ಆಮೇಲೆ ಮಟ್ಟ, ಈ ಕ್ರಮದಲ್ಲಿ ಜೋಡಿಸು ಎಂದಿದ್ದೆ. ಗುಂಡಿ ಒತ್ತಿದೆ. ಪರದೆಯ ತುಂಬ ಮನೆಗಳ ಬಾಗಿಲು ತೆರೆಯತೊಡಗಿದವು. ಆದರೆ ತೆರೆದ ಬಾಗಿಲು ಹಾಗೆಯೇ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಯಾರೂ ಇಲ್ಲ. ಮೂಡಲಗಿಯ ಪಾಟೀಲರ ಮನೆ ಖಾಲಿ, ತುಕ್ಕಾನಟ್ಟಿಯ ಪಾಟೀಲರ ಮನೆ ಖಾಲಿ, ಧುಪದಾಳದ ಪಾಟೀಲರ ಮನೆ ಖಾಲಿ. ಕೊನೆಗೆ ಹುಕ್ಕೇರಿಯ ಪಾಟೀಲ ಕಾಕಾ ಅವರ ಮನೆಯ ಬಾಗಿಲು ತೆರೆಯಿತು. ಅದರೊಳಗಿಂದ ಹೆಂಡಂದಿರು, ಗಂಡುಮಕ್ಕಳು, ಹೆಣ್ಣುಮಕ್ಕಳು, ಮೊಮ್ಮಕ್ಕಳು, ಕಂಪೌಂಡರು, ಡ್ರೈವರು, ಬಿ.ಎ. ನಪಾಸಾದವರು, ಅಂಗನವಾಡಿಗೆ ಹೋಗುವವರು, ಪುಟದ ಮೇಲೆ ಪುಟವಾಗಿ ಹೊರಬಂದರು. ಎರಡು ತಾಲೂಕಿನ ಪಾಟೀಲರ ಮನೆಯ ಜನವೆಲ್ಲ ಒಬ್ಬ ಬ್ರಹ್ಮಚಾರಿಯ ಮನೆಯೊಳಗೆ ಸೇರಿಕೊಂಡಿದ್ದರು.

ಆದದ್ದು ಇಷ್ಟು. ಮನುಷ್ಯರ ಸಾಲು ಬಂದಾಗ ಈ ಕಂಪ್ಯೂಟರು ಅವನ ಮನೆ ಯಾವುದೆಂದು ಹುಡುಕಿಕೊಂಡು ಹೋಗುವುದಿಲ್ಲ. ಈಗಷ್ಟೇ ತೆರೆದ ಬಾಗಿಲು ಯಾವುದೋ ಅದರೊಳಗೆ ತಳ್ಳುತ್ತದೆ. ಮನೆಯಾದ ಕೂಡಲೇ ಆ ಮನೆಯವರು, ಆಮೇಲೆ ಮುಂದಿನ ಮನೆ, ಹೀಗೆ ಬರುವಂತೆ ನಾನು ಮನೆ ಸಂಖ್ಯೆಯನ್ನು ಹಿಡಿದು ಜೋಡಿಸಬೇಕಾಗಿತ್ತು. ಅಡ್ಡಹೆಸರನ್ನು ಹಿಡಿದುಬಿಟ್ಟೆ. ಮನೆಗೊಂದು ಅಡ್ಡಹೆಸರು ಇರುವ ಸೀಮೆಯಲ್ಲಾದರೆ ಈ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಪಾಟೀಲ್ರ" ಎಂದು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ. ಎಲ್ಲ ಪಾಟೀಲರ ಮನೆಗಳೂ ಮೊದಲು ಬಂದು, ಎಲ್ಲ ಪಾಟೀಲರ ಮಂದಿಯೂ ಆಮೇಲೆ ಬಂದು, ಕಾಕಾ ಎಲ್ಲರಿಗಿಂತ ಕೊನೆಗೆ ತಮ್ಮ ವಿವರ ಕೊಟ್ಟಿದ್ದರಿಂದ ಅವರ ಬಾಗಿಲೇ ಕೊನೆಯ ತೆರೆದ ಬಾಗಿಲಾಗಿ, ಈ ಜಾತ್ರೆ ಆಗಿತ್ತು.

ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಯವ್ವಾ ಸುನಂದಾ, ಲಗ್ನಾ ಆಗಲಾರ್ದ ಇಷ್ಟ ಮಕ್ಕಳ್ನ ನನ್ನ ಕೊಳ್ಳಾಗ ಕಟ್ಟಿದ್ಯಲ್ಲ! ಸಾಲ್ಯಾಗಿನ ಹುಡುಗ್ರು ಸಾಕಾಗಿ ರಿಟಾಯರ್ ಆದಾಂವ ನಾ."

"ಚಲೋ ಆತಲ್ರಿ ಕಾಕಾ," ಎಂದರು ನಮ್ಮ ಯಜಮಾನರು, "ಎಲ್ಲಾರ ಹೆಸರೂ ರೇಷನ್ ಕಾರ್ಡಿನ್ಯಾಗ ಹಚ್ಚಿಸಿಬಿಡ್ರಿ. ಸಕ್ರಿ ಚೀಲಗಟ್ಲೆ ಬರತೈತಿ."

"ಸಕ್ರಿ ಬರತೈತಿ ಖರೆ, ಚಹಾ ಮಾಡಾಕ ಪಾತೇಲಿ ಎಲ್ಲಿಂದ ತರ್ಲಿ? ನನ್ನ ಪಾತೇಲ್ಯಾಗ ಒಂದ ಕಪ್ಪ ಹಿಡಸತೈತಿ."

ಎಲ್ಲರೂ ನಕ್ಕೆವು. ನಗದೆ ಇದ್ದವಳು ವಿಮಲಾ. ಅವಳು ಪರದೆಯನ್ನೇ ನೋಡುತ್ತಿದ್ದಳು, ನಗು ನಿಂತ ಮೇಲೆ ಕೇಳಿದಳು: "ಕಾಕಾ, ಒಂದ ಮಾತ ಕೇಳ್ಲೇನ್ರಿ? ಈ ಮಕ್ಕಳ್ನೆಲ್ಲಾ ವೈನಿ ಅವರವರ ಮನಿಗೆ ಕಳಿಸಿದ ಮ್ಯಾಲ ನಿಮ್ಮ ಮನ್ಯಾಗ ಯಾರ ಉಳೀತಾರ್ರಿ?"

"ಯಾರ ಉಳೀತಾರ? ನಾ ಒಬ್ಬಾಂವ."

"ಒಬ್ರ ಇದ್ರೂ ಅದು ಮನಿ ಅಂತ ಪುಸ್ತಕದಾಗ ಬರತೈತ್ರಿ?"

"ಬರದ ಏನವಾ? ಒಲಿ ಐತಿ, ಬಾಗಲಾ ಐತಿ, ಬಾಗಲಕ್ಕ ಕೀಲಿ ಐತಿ. ಮನಿ ಅಂದ್ರ ಮತ್ತೇನು?"

"ಅರಭಾವ್ಯಾಗ ನಂದೂ ಒಲಿ ಐತ್ರಿ," ಎಂದಳು ವಿಮಲಾ. "ಬಾಗಲಾನೂ ಐತಿ, ಕೀಲೀನೂ ಐತಿ. ನಾವರೆ ಇಬ್ಬರದೀವಿ. ನಮ್ಮದು ಬ್ಯಾರೆ ಮನಿ ಅಂತ ಬರೀರಿ."

ಅವಳು ದನಿ ಏರಿಸಿ ಹೇಳಿದ ಮಾತಲ್ಲ. ಕಚೇರಿಯಲ್ಲಿ ಮೇಜಿನ ಮೇಲೆ ಕಾಗದ ಇಡುವ ಹಾಗೆ ಇಟ್ಟಳು. ಒಳಬಾಗಿಲಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ಅತ್ತೆಯ ಕೈ ನಿಂತಿತು. "ವಿಮಲಾ, ಸುಮ್ಮನಿರು. ಹಿರ್ಯಾರ ಮುಂದ ಏನ ಮಾತಾಡಾಕತ್ತಿ? ಬಾಡಿಗಿ ಖೋಲಿಗೆ ಯಾರರೆ ಮನಿ ಅಂತಾರೇನು?"

"ನಂದೂ ಬಾಡಿಗೀದ ಐತಿ ತಂಗಿ," ಎಂದರು ಕಾಕಾ ಮೆಲ್ಲಗೆ.

"ನಿಮ್ಮ ಮಾತ ಬ್ಯಾರೆ ಬಿಡ್ರಿ, ನೀವು ಗಂಡಸ್ರು. ಆಕಿಗೆ ತವರಮನಿ ಐತಿ, ಗಂಡನ ಮನಿ ಐತಿ. ನಡುವ ಈ ಮೂರನೇದು ಯಾಕ ಬೇಕು?"

"ಆ ಎರಡರಾಗೂ ನಾ ಇಲ್ಲಲ್ಲ ಅವ್ವಾ," ಎಂದಳು ವಿಮಲಾ. ಕಾಕಾ ಹೊರಗಿನ ಇಳಿಬಿಸಿಲನ್ನು ನೋಡಿ, ಊಟದ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದರು. ಹುಕ್ಕೇರಿಯವರನ್ನು ಒಂದು ಮಾತು ಕೇಳುತ್ತೇನೆ, ಕೇಳದೆ ತೆಗೆದರೆ ಚೆನ್ನಾಗಿರುವುದಿಲ್ಲ ಎಂದು ಹೇಳಿ ಹೋದರು.

ಆ ವಾರವೆಲ್ಲ ಅತ್ತೆ ನನ್ನೊಡನೆ ಅಡುಗೆಯ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಗುರುವಾರವೋ ಶುಕ್ರವಾರವೋ, ಸೌತೆಕಾಯಿ ಹೆಚ್ಚುತ್ತಿದ್ದವರು ತಮ್ಮಷ್ಟಕ್ಕೆ ಹೇಳಿಕೊಂಡಂತೆ ಹೇಳಿದರು: "ಬ್ಯಾರೆ ಮನಿ ಅಂತ ಬರದ್ರ ಯಜಮಾನ್ರ ಹೆಸರ ಅಂತ ಒಂದ ಜಾಗಾ ಇರತೈತಿ, ಗಂಡನ ಹೆಸರ ಅಂತ ಒಂದ ಜಾಗಾ ಇರತೈತಿ. ಅದು ಖಾಲಿ ಕಾಣತೈತಿ. ಪುಸ್ತಕ ತಗದವ್ರ ಕಣ್ಣ ಮೊದಲ ಅಲ್ಲೇ ಹೋಗೂದು. ನಾಳೆ ಶ್ರುತಿ ದೊಡ್ಡಾಕಿ ಆಗ್ತಾಳ, ಆಕಿನ್ನ ನೋಡಾಕ ಬಂದವ್ರು ಆ ಖಾಲಿ ಜಾಗಾದ ಮ್ಯಾಲ ಬೆರಳ ಇಟ್ಟ ಕೇಳ್ತಾರ."

ಅವರ ಭಯ ಸುಳ್ಳಾಗಿರಲಿಲ್ಲ. ಅಚ್ಚಾದ ಫಾರಮುಗಳ ಕ್ರೌರ್ಯ ಇರುವುದೇ ಅಲ್ಲಿ. ತುಂಬಿದ ಹತ್ತು ಜಾಗಗಳನ್ನು ಯಾರೂ ಓದುವುದಿಲ್ಲ, ಗೀಟು ಎಳೆದ ಒಂದು ಜಾಗವನ್ನು ಎಲ್ಲರೂ ಓದುತ್ತಾರೆ. ಸಾಲೆಯಲ್ಲಿ, ಆಸ್ಪತ್ರೆಯಲ್ಲಿ, ಗ್ಯಾಸಿನ ಅಂಗಡಿಯಲ್ಲಿ ವಿಮಲಾ ಆ ಜಾಗದ ಎದುರು ಪೆನ್ನು ಹಿಡಿದು ಎಷ್ಟು ಸಲ ನಿಂತಿರಬೇಕು! ಸಿಸ್ಟರ್ ಕ್ಷಮಿಸಲಿ, ಈ ಪ್ರಬಂಧಕ್ಕೆ ನನ್ನ ಪಾಲಿನ ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನು ಇಲ್ಲಿ ಖರ್ಚು ಮಾಡಿದ್ದೇನೆ.

ನಾನು ಕೈ ಒರೆಸಿಕೊಂಡು ಅತ್ತೆಯನ್ನು ಹೊರಕೋಣೆಗೆ ಕರೆದುಕೊಂಡು ಹೋದೆ. ಆ ವೇಳೆಗೆ ಜೋಡಣೆಯ ತಪ್ಪು ತಿದ್ದಿಯಾಗಿತ್ತು. ಪಾಟೀಲರ ಮಕ್ಕಳು ಅವರವರ ಮನೆಗೆ ಮರಳಿದ್ದರು. ಕಾಕಾ ಅವರ ಮನೆಯನ್ನು ತೆಗೆದು ತೋರಿಸಿ ಬೆರಳಿಟ್ಟು ಓದಿದೆ: ಮನೆ, ಊರು ಹುಕ್ಕೇರಿ, ಯಜಮಾನರ ಹೆಸರು; ಒಳಗೆ ಅವರೊಬ್ಬರು, ಓದು, ವೃತ್ತಿ. ಮುಗಿಯಿತು, ಬಾಗಿಲು ಮುಚ್ಚಿತು.

"ಹೆಂಡ್ತಿ ಹೆಸರಿನ ಜಾಗಾ ಎಲ್ಲೈತಿ?" ಎಂದರು ಅತ್ತೆ.

"ಇಲ್ಲರಿ ಅತ್ತಿ. ಏನೂ ಬರೀಲಿಲ್ಲ ಅಂದ್ರ ಇದು ಆ ಜಾಗಾನ ಮಾಡೂದಿಲ್ಲ."

"ಗೀಟು ಹಾಕೂದಿಲ್ಲ?"

"ಹಾಕೂದಿಲ್ಲ."

ಇದು ನಾನು ಕಟ್ಟಿ ಹೇಳಿದ ಸಮಾಧಾನವಲ್ಲ, ಮ್ಯಾನ್ಯುಯಲ್ಲಿನಲ್ಲಿರುವ ಸಂಗತಿ. ಕೋಷ್ಟಕದಲ್ಲಿ 'ನಲ್' ಇದ್ದರೆ ಆ ಚೌಕ ಕಣ್ಣಿಗೆ ಹೊಡೆದು ಕಾಣುತ್ತದೆ. ಎಕ್ಸ್‌ಎಂಎಲ್ ರೂಪಕ್ಕೆ ಬರುವಾಗ ಅದು ಸುಮ್ಮನೆ ಬಿಟ್ಟುಹೋಗುತ್ತದೆ. ಇದ್ದದ್ದನ್ನು ಹೇಳುತ್ತದೆ, ಇಲ್ಲದ್ದರ ಸುದ್ದಿಗೇ ಹೋಗುವುದಿಲ್ಲ. ಓದುವಾಗ ಇದನ್ನು ನಾನೊಂದು ಕೊರತೆ ಎಂದುಕೊಂಡು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೆ. ಅತ್ತೆಯ ಪಕ್ಕ ನಿಂತು ನೋಡಿದಾಗ ಅದೊಂದು ಸೌಜನ್ಯವಾಗಿ ಕಂಡಿತು. ಅವರು ಪ್ರದರ್ಶನದಲ್ಲಿಟ್ಟ ಸೀರೆಯ ಸೆರಗು ನೋಡುವ ಹಾಗೆ ಪರದೆಗೆ ಮುಖ ಹತ್ತಿರ ತಂದು ಇನ್ನೊಮ್ಮೆ ನೋಡಿದರು. ಒಪ್ಪಿದೆ ಎನ್ನಲಿಲ್ಲ. ಹೆಚ್ಚಿಟ್ಟ ಸೌತೆಕಾಯಿಗೆ ಉಪ್ಪು ಹಾಕಿಲ್ಲ ಎಂದು ನೆನಪಿಸಿಕೊಂಡು ಒಳಗೆ ಹೋದರು.

ಮುಂದಿನ ರವಿವಾರ ಕಾಕಾ ಸುದ್ದಿ ತಂದರು. ವಿಮಲಾಳ ಹೆಸರು ತೆಗೆಯಲು ಹುಕ್ಕೇರಿಯವರು ಕೂಡಲೇ ಒಪ್ಪಿದ್ದರು. ಎಷ್ಟು ಕೂಡಲೇ ಎಂದರೆ, ಕೇಳಿದ ಅವಳ ಮುಖ ಒಂದು ಗಳಿಗೆ ಬಿಳಚಿತು. ಬೇಡವೆಂದು ನಾವೇ ಬಿಟ್ಟುಬಂದ ಮನೆಯವರೂ ಒಮ್ಮೆ ನಮ್ಮನ್ನು ತಡೆದು ಕೇಳಲಿ ಎಂಬ ಆಸೆ ಮನುಷ್ಯರಲ್ಲಿ ಎಲ್ಲೋ ಉಳಿದಿರುತ್ತದೆ. ಆದರೆ ಶ್ರುತಿಯ ಹೆಸರು ತೆಗೆಯುವುದಿಲ್ಲವಂತೆ. ಮೊಮ್ಮಗಳು ನಮ್ಮ ಕೂಸು, ನಮ್ಮ ಮನೆಯಲ್ಲೇ ಇರಲಿ ಎಂದರಂತೆ.

ವಿಮಲಾ ಕೀಲಿಮಣೆಯ ಮೇಲಿನಿಂದ ಕೈ ತೆಗೆದಳು. "ಹಂಗಾದ್ರ ನನ್ನ ಹೆಸರೂ ಅಲ್ಲೇ ಇರ್ಲಿ ಕಾಕಾ. ಪುಸ್ತಕದಾಗೂ ಆಕಿನ್ನ ಬಿಟ್ಟ ನಾ ಇರೂದಿಲ್ಲ."

ಶ್ರುತಿಯನ್ನು ಎರಡು ಮನೆಯಲ್ಲೂ ಬರೆದರಾಯಿತು ಎಂದು ನಮ್ಮ ಯಜಮಾನರು ಸೂಚಿಸಿದರು. ಹಾಗೆ ಮಾಡಲು ತಾಂತ್ರಿಕವಾಗಿ ಅಡ್ಡಿಯಿಲ್ಲ, ಅವಳ ಸಾಲನ್ನು ಎರಡು ಸಲ ಬರೆದರೆ ಸಾಕು. ಆದರೆ ಆಗ ಪುಸ್ತಕದಲ್ಲಿ ಇಬ್ಬರು ಶ್ರುತಿಯರಾಗುತ್ತಾರೆ, ಒಬ್ಬಳಿಗೆ ತಾಯಿಯಿಲ್ಲ, ಇನ್ನೊಬ್ಬಳಿಗೆ ಅಜ್ಜಿಯಿಲ್ಲ ಎಂದು ನಾನು ಹೇಳಿದೆ. ಕಾಕಾ ಕಿಟಕಿಯಾಚೆ ನೋಡಿದರು. ಅಂಗಳದಲ್ಲಿ ಶ್ರುತಿ ಸೀಮೆಸುಣ್ಣದಿಂದ ಚೌಕ ಬರೆದು ಕುಂಟಾಬಿಲ್ಲೆ ಆಡುತ್ತಿದ್ದಳು. ಅವರು ಅವಳನ್ನು ಕರೆದು ಕೇಳಿದರು: "ಏನವಾ ಬಾಯಿ, ದಿನಾ ಸಂಜಿಕಿ ಎಲ್ಲಿ ಉಣ್ತಿ?"

"ನಮ್ಮ ಮನ್ಯಾಗ್ರಿ ಅಜ್ಜಾ."

"ನಿಮ್ಮ ಮನಿ ಅಂದ್ರ ಯಾವುದು?"

ಹುಡುಗಿ ಈ ಮುದುಕರಿಗೆ ಇಷ್ಟೂ ತಿಳಿಯದೆ ಎಂಬಂತೆ ನೋಡಿ, "ಅರಭಾವ್ಯಾಗಿಂದ್ರಿ. ನೀರಿನ ಟಾಕಿ ಬಾಜೂಕ," ಎಂದು ಹೇಳಿ ತನ್ನ ಚೌಕಕ್ಕೆ ಓಡಿದಳು.

"ಬರಕೋ ಸುನಂದಾ," ಎಂದರು ಕಾಕಾ. "ಯಾರ ರಕ್ತ ಯಾರದು ಅನ್ನೂದು ನಮ್ಮ ಪುಸ್ತಕದ ಕೆಲಸಲ್ಲ. ಹೊತ್ತ ಮುಳುಗೂದ್ರಾಗ ಯಾರು ಎಲ್ಲಿ ಉಣ್ತಾರ, ಅಷ್ಟ. ಹುಕ್ಕೇರಿಯವ್ರಿಗೆ ನಾ ಹೇಳ್ತೀನಿ. ಸಿಟ್ಟಿಗೆದ್ರ ನನಗ ಚಹಾ ಬಂದ ಮಾಡ್ತಾರ, ಇನ್ನೇನ ಮಾಡ್ತಾರ?"

ಹೊಸದೊಂದು ಮನೆ ಸಂಖ್ಯೆ ಕೊಟ್ಟೆ. ಅಡ್ಡಹೆಸರು ಯಾವುದು ಹಾಕಲಿ ಎಂದು ಕೇಳಿದಾಗ ವಿಮಲಾ ತುಸು ಯೋಚಿಸಿ, ಶ್ರುತಿಯ ಸಾಲೆಯಲ್ಲಿ ಯಾವುದಿದೆಯೋ ಅದೇ ಇರಲಿ, ಹುಡುಗಿಗೆ ಗೊಂದಲ ಬೇಡ ಎಂದಳು. ಇಬ್ಬರ ಸಾಲಿನಲ್ಲಿಯೂ ಮನೆ ಸಂಖ್ಯೆ ಬದಲಾಯಿತು. ಈ ಸಲ ಬ್ಯಾಂಡಿಲ್ಲ, ಅಕ್ಷತೆಯಿಲ್ಲ. ಅವಳ ಮನೆಯ ಸಾಲಿನಲ್ಲಿ, ಮೇಲಿನವರು ಯಾರು ಎಂಬ ಅಂಕಣದಲ್ಲಿ, ಎಲ್ಲ ಮನೆಗಳಿಗೂ ಇರುವ ಹಾಗೆಯೇ 'ನಲ್' ಬಂತು. ಅದಕ್ಕೆ ವಿಶೇಷವಾಗಿ ನಾನೇನೂ ಬರೆಯಬೇಕಾಗಲಿಲ್ಲ. ದೊಡ್ಡ ಸಾವಕಾರರ ಮನೆಯ ಸಾಲಿನಲ್ಲೂ ಅದೇ, ಎರಡು ಕೋಣೆಯ ಮನೆಯ ಸಾಲಿನಲ್ಲೂ ಅದೇ.

ಕೆಲವು ತಿಂಗಳಿಗೆ ಪುಸ್ತಕ ಅಚ್ಚಾಗಿ ಬಂತು. ಒಳ್ಳೆಯ ಕಾಗದವೇನಲ್ಲ, ಒಂದೆರಡು ಕಡೆ ಶಾಯಿ ಹರಡಿತ್ತು. ಅತ್ತೆ ಮಧ್ಯಾಹ್ನ ಅದನ್ನು ತೊಡೆಯ ಮೇಲಿಟ್ಟುಕೊಂಡು ಮಗಳ ಮನೆ ಇರುವ ಪುಟವನ್ನು ತಾವೇ ಹುಡುಕಿ ತೆಗೆದರು, ತಾವೇ ಓದಿದರು, ಕನ್ನಡಕ ಹಣೆಗೇರಿಸಿದರು. ಮರುದಿನ ಮುಂಜಾನೆ ನನ್ನನ್ನು ಕೇಳಿದರು: "ಸುನಂದಾ, ಅರಭಾವಿ ಬಸ್ಸ ಎಷ್ಟಕ್ಕ ಐತಿ?"

"ಯಾಕ್ರಿ ಅತ್ತಿ?"

"ಯಾಕ ಅಂದ್ರ? ಪುಸ್ತಕ ಎಲ್ಲಾರ ಮನಿಗೂ ಹೋಗೇತಿ. ಮಗಳ ಮನಿ ಹೆಂಗೈತಿ ಅಂತ ನಾಕ ಮಂದಿ ಕೇಳ್ತಾರ. ನೋಡಲಾರ್ದ ನಾ ಏನ ಹೇಳ್ಲಿ?"

ಮಗಳ ಮನೆಗೆ ಮೊದಲ ಸಲ ಹೋಗುವ ತಾಯಿ ಬರಿಗೈಯಲ್ಲಿ ಹೋಗುವುದಿಲ್ಲ. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಉಡಿ ತುಂಬಲು ಹಸಿರು ಖಣ, ಶ್ರುತಿಗೆ ಕರದಂಟು, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಚೀಲ ನನ್ನ ಕೈಗೆ ಕೊಟ್ಟು, ಪೆಟ್ಟಿಗೆಯಲ್ಲಿದ್ದ ಇಳಕಲ್ಲ ಸೀರೆ ತೆಗೆದು ಉಟ್ಟುಕೊಂಡು ಅವರು ಹೊರಟರು. ಬಸ್ಸಿನಲ್ಲಿ ಕಾಲೇಜಿನ ಹುಡುಗ ಹುಡುಗಿಯರು, ಮೂಲೆಯಲ್ಲಿ ಎರಡು ಬುಟ್ಟಿ ಬದನೆಕಾಯಿ. ಅತ್ತೆಗೆ ಕಿಟಕಿಯ ಸೀಟು ಸಿಕ್ಕಿತು. ಊರು ದಾಟುವಷ್ಟರಲ್ಲಿ ಕಂಡಕ್ಟರು ನಮ್ಮ ಹತ್ತಿರ ಬಂದ.

"ಎಲ್ಲಿಗ್ರೆವ್ವಾ?"

"ಮಗಳ ಮನಿಗೆ," ಎಂದರು ಅತ್ತೆ.

"ಅರ್ಧಾ ಬಸ್ಸ ಮಗಳ ಮನಿಗೇ ಹೊಂಟೈತ್ರಿ ಯವ್ವಾ. ಟಿಕೆಟಿನ ಮ್ಯಾಲ ಊರ ಹಾಕಬೇಕಾಗತೈತಿ, ಯಾವ ಮನಿ ಹೇಳ್ರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು, ಪಕ್ಕದ ಸಾಲಿನವರಿಗೂ ಕೇಳುವಂತೆ ಹೇಳಿದರು: "ಅರಭಾವಿ. ನೀರಿನ ಟಾಕಿ ಬಾಜೂಕ. ವಿಮಲಾನ ಮನಿ."

ಅವನು ಎರಡು ಟಿಕೆಟು ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ.